ಗಾಯಗೊಂಡ ಕಾಲು ಮತ್ತೆ ಓಡುವುದು ಹೇಗೆ?

ಸೈಕಲ್ಲಿನ ಚೈನು ತುಂಡಾದರೆ ನಾವು ಅದನ್ನು ಅಂಗಡಿಗೆ ತಳ್ಳಿಕೊಂಡು ಹೋಗುತ್ತೇವೆ. ಕೆಲಸದವನು ಹೊಸ ಕೊಂಡಿಯೊಂದನ್ನು ಹಾಕಿ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟನೆಂದರೆ ಕೆಲಸ ಮುಗಿಯಿತು. ಮರುಕ್ಷಣವೇ ಅದನ್ನೇರಿ ಮೊದಲಿನ ವೇಗದಲ್ಲಿಯೇ ಮನೆಗೆ ಮರಳಬಹುದು. ಮನುಷ್ಯನ ಕಾಲು ಇಂತಹ ಯಂತ್ರವಲ್ಲ. ದೂರದ ಓಟಗಾರನೊಬ್ಬನು ಗಾಯಗೊಂಡು, ಚಿಕಿತ್ಸೆ ಪಡೆದು, "ಇನ್ನು ಓಡಬಹುದು" ಎಂದು ವೈದ್ಯರಿಂದ ಅನುಮತಿ ಪಡೆದ ದಿನದಿಂದಲೇ ಅವನ ನಿಜವಾದ ಕಷ್ಟ ಆರಂಭವಾಗುವುದುಂಟು. ಮೊದಲು ಉಸಿರು ಸಾಲುವುದಿಲ್ಲ. ಉಸಿರು ಕೂಡಿಬಂದಾಗ ಕಾಲು ನೋಯುತ್ತದೆ. ಕಾಲುನೋವು ನಿಂತ ಮೇಲೂ "ಈಗ ಮತ್ತೆ ಕಿತ್ತೀತೇನೋ" ಎಂಬ ಅಂಜಿಕೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಉಳಿದಿರುತ್ತದೆ.

ಇಂತಹ ಸಂದರ್ಭದಲ್ಲಿ ಸುತ್ತಲಿನವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಛಲವೊಂದಿದ್ದರೆ ಎಲ್ಲವೂ ಸಾಧ್ಯ." ಈ ಮಾತು ಎಷ್ಟರಮಟ್ಟಿಗೆ ನಿಜ? ಗುಣವಾಗುವುದಕ್ಕೆ ಬೇಕಾದ ಕಾಲವನ್ನು ಛಲವು ಕಡಮೆ ಮಾಡಬಲ್ಲುದೆ? ಯಾವುದಾದರೂ ಒಂದು ಕಾರಣದ ಪರಿಣಾಮವನ್ನು ತಿಳಿಯಬೇಕಾದರೆ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವು ಉಳಿದೆಲ್ಲವನ್ನೂ ಇದ್ದಂತೆಯೇ ಇಟ್ಟು ಅದೊಂದನ್ನು ಮಾತ್ರ ಬದಲಿಸಿ ನೋಡುತ್ತೇವೆ. ಮನುಷ್ಯರನ್ನು ಗಾಯಗೊಳಿಸಿ ಇಂತಹ ಪ್ರಯೋಗ ಮಾಡಲಾಗದು. ಆದರೆ ಒಮ್ಮೊಮ್ಮೆ ಜೀವನವೇ ಅದಕ್ಕೆ ಸಮೀಪವಾದ ಪ್ರಯೋಗವೊಂದನ್ನು ನಡೆಸಿ ತೋರಿಸುತ್ತದೆ. ಅಮೆರಿಕದ ಓಟಗಾರ್ತಿ ಜೋನ್ ಬೆನಾಯ್ಟ್ ಅವರ ಕಥೆ ಅಂತಹುದು. ಓಡಿದವರು ಒಬ್ಬರೇ, ಛಲವೂ ಒಂದೇ; ಗಾಯಗಳು ಮಾತ್ರ ಬೇರೆ ಬೇರೆ.

ಒಬ್ಬ ಓಟಗಾರ್ತಿ, ಎರಡು ಗಾಯಗಳು

ಬೆನಾಯ್ಟ್ ಹುಟ್ಟಿದ್ದು 1957ರಲ್ಲಿ, ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ಸಂಸ್ಥಾನದ ಕೇಪ್ ಎಲಿಜಬೆತ್ ಎಂಬ ಊರಿನಲ್ಲಿ. ಅದು ಚಳಿಗಾಲದಲ್ಲಿ ಹಿಮ ಮುಚ್ಚುವ ಸೀಮೆ. ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟ ಆಕೆಗೆ ಬಲು ಪ್ರಿಯವಾಗಿತ್ತು. ಎಳೆಯ ವಯಸ್ಸಿನಲ್ಲಿ ಆ ಆಟದಲ್ಲಿಯೇ ಕಾಲು ಮುರಿಯಿತು. ಮುರಿದ ಕಾಲಿಗೆ ಮತ್ತೆ ಬಲ ಬರಲೆಂದು ಓಡತೊಡಗಿದವರು ಓಟಗಾರ್ತಿಯೇ ಆದರು. 1979ರಲ್ಲಿ, ಇನ್ನೂ ಕಾಲೇಜು ವಿದ್ಯಾರ್ಥಿನಿಯಾಗಿದ್ದಾಗಲೇ, ಬಾಸ್ಟನ್ ನಗರದ ಪ್ರಸಿದ್ಧ ಮ್ಯಾರಥಾನ್ ಓಟವನ್ನು 2 ಗಂಟೆ 35 ನಿಮಿಷ 15 ಸೆಕೆಂಡುಗಳಲ್ಲಿ ಓಡಿ ಗೆದ್ದರು.

ಮೊದಲನೆಯ ದೊಡ್ಡ ಗಾಯ ಹಿಮ್ಮಡಿಗಳದು. 1981ರ ಡಿಸೆಂಬರಿನಲ್ಲಿ ಎರಡು ಕಾಲುಗಳ ಹಿಮ್ಮಡಿಯ ಸ್ನಾಯುರಜ್ಜುಗಳಿಗೂ ಶಸ್ತ್ರಚಿಕಿತ್ಸೆಯಾಯಿತು. ಅನಂತರ ಆಕೆ ಮ್ಯಾರಥಾನ್ ಓಟದಲ್ಲಿ ಮಿಂಚಿದ್ದು 1982ರ ಸೆಪ್ಟೆಂಬರಿನಲ್ಲಿ, ಆರೆಗಾನ್ ಸಂಸ್ಥಾನದ ಯೂಜೀನ್ ನಗರದಲ್ಲಿ. ಅಷ್ಟರಲ್ಲಿ ಒಂಬತ್ತು ತಿಂಗಳು ಕಳೆದಿತ್ತು. ಅಲ್ಲಿಂದ ಮುಂದೆ ಮತ್ತೊಂದು ಚಳಿಗಾಲ ಕಳೆದು, 1983ರ ಏಪ್ರಿಲ್ 18ರಂದು ಬಾಸ್ಟನ್ನಿನಲ್ಲಿ 2 ಗಂಟೆ 22 ನಿಮಿಷ 43 ಸೆಕೆಂಡುಗಳಲ್ಲಿ ಓಡಿ, ಸ್ತ್ರೀಯರ ಮ್ಯಾರಥಾನಿನಲ್ಲಿ ಅದುವರೆಗೆ ಯಾರೂ ಕಾಣದ ವೇಗವನ್ನು ಸಾಧಿಸಿದರು. ಅದರ ಹಿಂದಿನ ದಿನವಷ್ಟೇ ನಾರ್ವೆಯ ಗ್ರೇಟ ವೈಟ್ಸ್ ಲಂಡನ್ನಿನಲ್ಲಿ ಓಡಿದ್ದ ಅವಧಿಗಿಂತ ಇದು ಎರಡೂವರೆ ನಿಮಿಷಕ್ಕೂ ಹೆಚ್ಚು ಕಡಮೆ.

ಎರಡನೆಯ ಗಾಯ ಬಂದದ್ದು ಬಹಳ ಇಕ್ಕಟ್ಟಿನ ಕಾಲದಲ್ಲಿ. ಒಲಿಂಪಿಕ್ ಕ್ರೀಡೆಗಳಲ್ಲಿ 1980ರವರೆಗೆ ಸ್ತ್ರೀಯರಿಗೆ 1500 ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ. ಅವರ ಮ್ಯಾರಥಾನ್ ಮೊಟ್ಟಮೊದಲು ನಡೆಯಬೇಕಾಗಿದ್ದುದು 1984ರ ಲಾಸ್ ಏಂಜಲೀಸ್ ಕ್ರೀಡೆಗಳಲ್ಲಿ. ಅಮೆರಿಕದ ತಂಡವನ್ನು ಆರಿಸುವ ಓಟ ಆ ವರ್ಷದ ಮೇ 12ರಂದು ಗೊತ್ತಾಗಿತ್ತು. ಅದರಲ್ಲಿ ಮೊದಲ ಮೂವರಿಗೆ ಮಾತ್ರ ಅವಕಾಶ. ಮಾರ್ಚ್ ತಿಂಗಳ ಅಭ್ಯಾಸದ ಓಟವೊಂದರಲ್ಲಿ ಬೆನಾಯ್ಟ್ ಅವರ ಬಲ ಮಂಡಿ ಇದ್ದಕ್ಕಿದ್ದಂತೆ ನೋಯತೊಡಗಿತು. ವಿಶ್ರಾಂತಿಯಿಂದ ಗುಣ ಕಾಣಲಿಲ್ಲ. ಕೊನೆಗೆ ಏಪ್ರಿಲ್ 25ರಂದು ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಆಯ್ಕೆಯ ಓಟಕ್ಕೆ ಉಳಿದಿದ್ದುದು ಹದಿನೇಳು ದಿನಗಳು. ಆದರೂ ಆಕೆ ಆ ಓಟವನ್ನು 2 ಗಂಟೆ 31 ನಿಮಿಷ 4 ಸೆಕೆಂಡುಗಳಲ್ಲಿ ಗೆದ್ದರು.

ಒಮ್ಮೆ ಒಂಬತ್ತು ತಿಂಗಳು, ಇನ್ನೊಮ್ಮೆ ಹದಿನೇಳು ದಿನ! ಆಕೆಯ ಛಲ ಮೊದಲ ಸಲ ಕಡಮೆಯಾಗಿದ್ದು ಎರಡನೆಯ ಸಲ ಹೆಚ್ಚಾಯಿತೆಂದು ಹೇಳಲು ಯಾವ ಆಧಾರವೂ ಇಲ್ಲ. ವ್ಯತ್ಯಾಸವಿದ್ದುದು ಗಾಯಗೊಂಡ ಅಂಗದಲ್ಲಿ. ಇದನ್ನು ಅರ್ಥಮಾಡಿಕೊಳ್ಳಬೇಕಾದರೆ, ಓಡುವಾಗ ಕಾಲಿನ ಮೇಲೆ ಬೀಳುವ ಭಾರವೆಷ್ಟು ಎಂಬುದನ್ನು ನಾವು ಮೊದಲು ಲೆಕ್ಕ ಹಾಕಿ ನೋಡಬೇಕು.

ಹಿಮ್ಮಡಿಯ ಮೇಲಿನ ಭಾರ

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರು. ಹೆಜ್ಜೆಯೊಂದಕ್ಕೆ ಒಂದೂವರೆ ಮೀಟರು ಎಂದು ಹಿಡಿದರೂ ಓಟ ಮುಗಿಯುವಷ್ಟರಲ್ಲಿ ಸುಮಾರು 28,000 ಹೆಜ್ಜೆಗಳಾಗುತ್ತವೆ. ಎಂದರೆ ಒಂದೊಂದು ಕಾಲೂ 14,000 ಸಲ ನೆಲವನ್ನು ಒತ್ತಬೇಕು. ನಡೆಯುವಾಗ ಒಂದಲ್ಲ ಒಂದು ಕಾಲು ಸದಾ ನೆಲದ ಮೇಲಿರುತ್ತದೆ. ಓಡುವಾಗಲಾದರೋ ಪ್ರತಿ ಹೆಜ್ಜೆಗೂ ಶರೀರ ಕ್ಷಣಕಾಲ ಗಾಳಿಯಲ್ಲಿದ್ದು ಕೆಳಕ್ಕೆ ಬೀಳುತ್ತದೆ. ಬೀಳುವ ಶರೀರವನ್ನು ತಡೆದು ಮತ್ತೆ ಮೇಲಕ್ಕೆ ಚಿಮ್ಮಿಸಬೇಕಾದುದರಿಂದ ನೆಲದ ಪ್ರತಿಕ್ರಿಯೆ ಶರೀರದ ತೂಕದ ಎರಡರಿಂದ ಮೂರು ಪಟ್ಟಿನವರೆಗೆ ಏರುತ್ತದೆ. 50 ಕಿಲೋಗ್ರಾಂ ತೂಗುವ ಓಟಗಾರ್ತಿಗೆ ಇದನ್ನು ಎರಡೂವರೆ ಪಟ್ಟು ಎಂದು ಹಿಡಿದರೆ 125 ಕಿಲೋಗ್ರಾಂ ಭಾರವಾಯಿತು.

ಈ ಭಾರವನ್ನು ಎತ್ತುವ ಕೆಲಸ ಮೀನಖಂಡದ ಸ್ನಾಯುಗಳದು. ಅವು ಹಿಮ್ಮಡಿಯ ಮೂಳೆಯನ್ನು ಹಿಡಿದೆಳೆಯುವುದು ದಪ್ಪನಾದ ಒಂದು ಹುರಿಯ ಮೂಲಕ. ಇದೇ ಹಿಮ್ಮಡಿಯ ಸ್ನಾಯುರಜ್ಜು. ಪಾದವನ್ನು ಒಂದು ಸನ್ನೆ ಎಂದು ಭಾವಿಸೋಣ. ಕಣಕಾಲಿನ ಕೀಲು ಇದರ ಆಧಾರಬಿಂದು. ರಜ್ಜು ಎಳೆಯುವ ಸ್ಥಾನ ಈ ಬಿಂದುವಿನಿಂದ ಸುಮಾರು 5 ಸೆಂಟಿಮೀಟರು ಹಿಂದಿದೆ. ನೆಲ ಒತ್ತುವ ಸ್ಥಾನ, ಅಂದರೆ ಹೆಬ್ಬೆರಳಿನ ಬುಡ, ಸುಮಾರು 13 ಸೆಂಟಿಮೀಟರು ಮುಂದಿದೆ. ಸನ್ನೆಯ ನಿಯಮದಂತೆ ರಜ್ಜಿನ ಎಳೆತ 125ರ 13/5 ಪಟ್ಟು, ಎಂದರೆ 325 ಕಿಲೋಗ್ರಾಂ ಭಾರಕ್ಕೆ ಸಮನಾಗಬೇಕು! ಕಿರುಬೆರಳಿಗಿಂತ ಹೆಚ್ಚು ದಪ್ಪವಿಲ್ಲದ ಹುರಿಯೊಂದಕ್ಕೆ ಮೂರು ಕ್ವಿಂಟಾಲಿನ ಮೂಟೆಗಳನ್ನು ನೇತುಹಾಕಿದಂತೆ. ಅದೂ ಒಂದು ಓಟದಲ್ಲಿ ಹದಿನಾಲ್ಕು ಸಾವಿರ ಸಲ.

ಈ ಹುರಿಯು ಭಾರ ಹೊರುವುದಷ್ಟೇ ಅಲ್ಲ, ಸ್ಪ್ರಿಂಗಿನಂತೆ ಕೆಲಸವನ್ನೂ ಮಾಡುತ್ತದೆ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮೆಕ್‌ನೀಲ್ ಅಲೆಗ್ಸಾಂಡರ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಸಾಧಾರಣ ಮೈಕಟ್ಟಿನ ಗಂಡಸು ಓಡುವಾಗ ಪ್ರತಿ ಹೆಜ್ಜೆಗೂ ಈ ರಜ್ಜು ಹಿಗ್ಗಿ ಸುಮಾರು 35 ಜೌಲ್‌ಗಳಷ್ಟು ಶಕ್ತಿಯನ್ನು ತನ್ನಲ್ಲಿ ಅಡಗಿಸಿಕೊಳ್ಳುತ್ತದೆ. ಒಂದು ಕಿಲೋಗ್ರಾಂ ತೂಕದ ಕಲ್ಲನ್ನು ಮೂರೂವರೆ ಮೀಟರು ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ ಇದು. ಹಾಗೆ ಅಡಗಿಸಿಟ್ಟುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ಅದು ಹೆಜ್ಜೆ ಎತ್ತುವಾಗ ಹಿಂದಿರುಗಿಸುತ್ತದೆ. ಆದುದರಿಂದ ಗಾಯಗೊಂಡ ರಜ್ಜಿನ ಓಟಗಾರನು ಆಧಾರವನ್ನೂ ಸ್ಪ್ರಿಂಗನ್ನೂ ಒಟ್ಟಿಗೆ ಕಳೆದುಕೊಂಡಂತಾಗುತ್ತದೆ.

ವಾಚಕರು ಮನೆಯಲ್ಲಿಯೇ ಮಾಡಬಹುದಾದ ಒಂದು ಸಣ್ಣ ಪ್ರಯೋಗವಿದೆ. ತೆಳುವಾದ ಕಬ್ಬಿಣದ ತಂತಿಯನ್ನು ಪೂರ್ತಿಯಾಗಿ ಅತ್ತಿಂದಿತ್ತ ಬಗ್ಗಿಸಿದರೆ ಅದು ಕೆಲವೇ ಸಲಕ್ಕೆ ತುಂಡಾಗುತ್ತದೆ. ಅದನ್ನೇ ಸ್ವಲ್ಪ ಸ್ವಲ್ಪ ಬಗ್ಗಿಸಿದರೆ ನೂರಾರು ಸಲ ತಾಳುತ್ತದೆ. ಒಂದೇ ಸಲಕ್ಕೆ ಮುರಿಯಲಾರದ ಭಾರವೂ ಮತ್ತೆ ಮತ್ತೆ ಬಿದ್ದಾಗ ಮುರಿಯಬಲ್ಲುದು. ಭಾರವನ್ನು ಸ್ವಲ್ಪವೇ ಇಳಿಸಿದರೂ ವಸ್ತುವಿನ ಆಯುಸ್ಸು ಬಹಳ ಹೆಚ್ಚುತ್ತದೆ. ಎಂಜಿನಿಯರುಗಳು ಇದನ್ನು ಲೋಹದ ಆಯಾಸ ಎನ್ನುತ್ತಾರೆ. ಮೂಳೆ ಮತ್ತು ರಜ್ಜುಗಳಿಗೂ ಈ ಆಯಾಸವುಂಟು. ಒಂದು ಭೇದ ಮಾತ್ರ ಇದೆ: ತಂತಿಯು ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲಾರದು, ಜೀವವಿರುವ ಅಂಗವು ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾಗಿರುವುದು ಕಾಲ.

ಮೂರು ಗಡಿಯಾರಗಳು

ಎಷ್ಟು ಕಾಲ? ಇಲ್ಲಿಯೇ ತೊಡಕಿರುವುದು. ಶರೀರದ ಎಲ್ಲ ಭಾಗಗಳೂ ಒಂದೇ ಗಡಿಯಾರವನ್ನು ನೋಡಿ ನಡೆಯುವುದಿಲ್ಲ.

ಮೊದಲನೆಯ ಗಡಿಯಾರ ಹೃದಯ ಮತ್ತು ರಕ್ತದ್ದು. ಇದು ಬೇಗ ನಡೆಯುವಂತಹುದು. ಚೆನ್ನಾಗಿ ಅಭ್ಯಾಸ ಮಾಡಿದ ಓಟಗಾರನು ಓಟವನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಅವನ ರಕ್ತದ ದ್ರವಾಂಶ ಕಡಮೆಯಾಗತೊಡಗುತ್ತದೆ. ಎರಡು ಮೂರು ವಾರಗಳಲ್ಲಿ ಅವನ ಶರೀರ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಪ್ರಮಾಣ ಶೇಕಡ ಆರೇಳರಷ್ಟು ಇಳಿಯುತ್ತದೆ. ಮತ್ತೆ ಅಭ್ಯಾಸಕ್ಕೆ ತೊಡಗಿದಾಗ ಇವು ಅಷ್ಟೇ ಬೇಗ, ಕೆಲವು ವಾರಗಳಲ್ಲಿಯೇ, ಬಹುಮಟ್ಟಿಗೆ ಮರಳುತ್ತವೆ.

ಎರಡನೆಯ ಗಡಿಯಾರ ಮೂಳೆಯದು. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನು ಮಾರ್ಪಡಿಸಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಪ್ರತಿಪಾದಿಸಿದನು. ಆದರೆ ಈ ಮಾರ್ಪಾಡು ನಡೆಯುವ ಕ್ರಮ ವಿಚಿತ್ರವಾದುದು. ಹಳೆಯ ಗೋಡೆಯನ್ನು ಭದ್ರಪಡಿಸಬೇಕಾದರೆ ಗಾರೆಯವನು ಮೊದಲು ಸಡಿಲವಾದ ಇಟ್ಟಿಗೆಗಳನ್ನು ಕಿತ್ತು, ಅನಂತರ ಹೊಸ ಇಟ್ಟಿಗೆ ಕಟ್ಟುತ್ತಾನಷ್ಟೆ? ಮೂಳೆಯಲ್ಲಿಯೂ ಒಂದು ಜಾತಿಯ ಜೀವಕೋಶಗಳು ಮೊದಲು ಹಳೆಯ ಭಾಗವನ್ನು ಅಗೆದು ತೆಗೆಯುತ್ತವೆ. ಇದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಮತ್ತೊಂದು ಜಾತಿಯ ಕೋಶಗಳು ಆ ಗುಂಡಿಯನ್ನು ತುಂಬಲು ಸುಮಾರು ಮೂರು ತಿಂಗಳು ಬೇಕು. ಹೀಗಾಗಿ ಅಭ್ಯಾಸವನ್ನು ಹೆಚ್ಚಿಸಿದ ಮೂರು ನಾಲ್ಕು ವಾರಗಳ ಅನಂತರ, ಓಟಗಾರನಿಗೆ ಉಸಿರು ಚೆನ್ನಾಗಿ ಕೂಡಿಬಂದು ಉತ್ಸಾಹವೇರಿರುವ ಹೊತ್ತಿಗೇ, ಅವನ ಮೂಳೆ ಮೊದಲಿಗಿಂತಲೂ ದುರ್ಬಲವಾಗಿರಬಹುದು.

ಮೂರನೆಯದು ಸ್ನಾಯುರಜ್ಜಿನ ಗಡಿಯಾರ. ಇದು ಬಹಳ ನಿಧಾನ. ರಜ್ಜಿನಲ್ಲಿ ಜೀವಕೋಶಗಳು ವಿರಳ, ರಕ್ತನಾಳಗಳೂ ವಿರಳ. ಅದರ ಬಹುಭಾಗ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು. ಗಾಯವಾದ ಕಡೆ ಮೊದಲು ತೆಳುವಾದ ಎಳೆಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ. ಅವು ದಪ್ಪವಾಗಿ, ಎಳೆತದ ದಿಕ್ಕಿಗೆ ಸಾಲಾಗಿ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ.

ಈಗ ಬೆನಾಯ್ಟ್ ಅವರ ಎರಡು ಗಾಯಗಳನ್ನು ಹೋಲಿಸಿ ನೋಡೋಣ. 1984ರಲ್ಲಿ ಮಂಡಿಯ ಕೀಲಿನ ಒಳಪದರದ ಮಡಿಕೆಯೊಂದು ಉರಿಯೂತದಿಂದ ದಪ್ಪವಾಗಿ ಕೀಲಿನ ಚಲನೆಗೆ ಅಡ್ಡಿಮಾಡುತ್ತಿತ್ತು. ಸಣ್ಣ ರಂಧ್ರದ ಮೂಲಕ ಕೊಳವೆಯನ್ನು ತೂರಿಸಿ ವೈದ್ಯರು ಅದನ್ನು ತೆಗೆದುಹಾಕಿದರು. ಬಾಗಿಲಿನ ಸಂದಿಗೆ ಸಿಕ್ಕಿದ ಕಲ್ಲನ್ನು ತೆಗೆದರೆ ಬಾಗಿಲು ಸಲೀಸಾಗಿ ತೆರೆದುಕೊಳ್ಳುತ್ತದೆ. ಇಲ್ಲಿ ಹೊಸದಾಗಿ ಬೆಳೆಯಬೇಕಾದುದು ಹೆಚ್ಚೇನೂ ಇರಲಿಲ್ಲ. 1981ರಲ್ಲಾದರೋ ಗಾಯವಿದ್ದುದು ಮೂರು ಕ್ವಿಂಟಾಲಿಗೂ ಮಿಗಿಲಾದ ಎಳೆತವನ್ನು ಹೊರಬೇಕಾದ ರಜ್ಜಿನಲ್ಲಿಯೇ. ಅದು ತನ್ನ ಗಡಿಯಾರಕ್ಕೆ ಅನುಸಾರವಾಗಿಯೇ ಗುಣವಾಗಬೇಕಾಗಿತ್ತು.

ಓಟಗಾರನು ಮತ್ತೆ ಮತ್ತೆ ಗಾಯಗೊಳ್ಳುವುದೇಕೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ತಾನು ಸಿದ್ಧನಾಗಿದ್ದೇನೆಯೆ ಇಲ್ಲವೆ ಎಂಬುದನ್ನು ಅವನು ಉಸಿರಿನಿಂದ ಅಳೆಯುತ್ತಾನೆ. ಏಕೆಂದರೆ ಉಸಿರು ಮಾತ್ರ ಅವನಿಗೆ ಸ್ಪಷ್ಟವಾಗಿ ತಿಳಿಯುವಂತಹುದು. ಮೂಳೆ ಮತ್ತು ರಜ್ಜುಗಳು ಹಿಂದೆ ಉಳಿದಿರುವುದು, ಅವು ನೋಯುವ ತನಕ, ಅವನ ಅರಿವಿಗೆ ಬರುವುದಿಲ್ಲ.

ಭಾರವೇ ಔಷಧ

ಹಾಗಾದರೆ ರಜ್ಜು ಗುಣವಾಗುವ ತನಕ ಸುಮ್ಮನೆ ಮಲಗಿರಬೇಕೆ? ಇಲ್ಲ. ಭಾರವೇ ಇಲ್ಲದಿದ್ದರೆ ಹೊಸ ಎಳೆಗಳಿಗೆ ಯಾವ ದಿಕ್ಕಿಗೆ ಸಾಲುಗಟ್ಟಬೇಕೆಂಬುದು ತಿಳಿಯದು, ಮೂಳೆಯೂ ಕರಗುತ್ತದೆ. ಸ್ವೀಡನ್ ದೇಶದ ಮೂಳೆವೈದ್ಯ ಹಾಕನ್ ಆಲ್ಫ್ರೆಡ್‌ಸನ್ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಬಹುಕಾಲದಿಂದ ಹಿಮ್ಮಡಿಯ ರಜ್ಜಿನ ನೋವಿನಿಂದ ನರಳುತ್ತಿದ್ದ ಹದಿನೈದು ಮಂದಿಗೆ ಅವರು ಒಂದು ವ್ಯಾಯಾಮವನ್ನು ವಿಧಿಸಿದರು. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನಿಟ್ಟು ನಿಂತು, ಹಿಮ್ಮಡಿಯನ್ನು ನಿಧಾನವಾಗಿ ಕೆಳಕ್ಕೆ ಇಳಿಸಬೇಕು. ದಿನಕ್ಕೆರಡು ಸಲ, ಹನ್ನೆರಡು ವಾರ. ನೋವು ಕಡಮೆಯಾದಂತೆಲ್ಲ ಬೆನ್ನಿಗೆ ಚೀಲ ಹಾಕಿಕೊಂಡು ಭಾರವನ್ನು ಹೆಚ್ಚಿಸಬೇಕು. ಹನ್ನೆರಡು ವಾರಗಳ ಕೊನೆಯಲ್ಲಿ ಅವರೆಲ್ಲರೂ ಮತ್ತೆ ಓಡುವಂತಾದರು.

ಭಾರ ಔಷಧವೆಂದ ಮೇಲೆ ಅದಕ್ಕೆ ಪ್ರಮಾಣವೂ ಇರಬೇಕು, ಅಂತರವೂ ಇರಬೇಕು. ಓಟವಾದ ಅನಂತರ ರಜ್ಜಿನಲ್ಲಿ ಹಳೆಯ ಎಳೆಗಳನ್ನು ಒಡೆಯುವ ಕೆಲಸ, ಹೊಸ ಎಳೆಗಳನ್ನು ಕಟ್ಟುವ ಕೆಲಸ ಎರಡೂ ಚುರುಕಾಗುತ್ತವೆ. ಮೊದಲ ಒಂದು, ಒಂದೂವರೆ ದಿನ ಒಡೆಯುವುದೇ ಮೇಲುಗೈಯಾಗಿದ್ದು, ಅನಂತರವಷ್ಟೇ ಕಟ್ಟುವ ಕೆಲಸ ಮುಂದಾಗುತ್ತದೆ. ಗಾಯದಿಂದ ಚೇತರಿಸಿಕೊಳ್ಳುತ್ತಿರುವವನು ದಿನ ಬಿಟ್ಟು ದಿನ ಓಡಬೇಕೆಂದು ಹೇಳುವುದಕ್ಕೆ ಇದೇ ಕಾರಣ. ಮೊದಲ ವಾರಗಳಲ್ಲಿ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಅನಂತರ ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮೊದಲು ದೂರವನ್ನು ಹೆಚ್ಚಿಸಿ, ವೇಗವನ್ನು ಕೊನೆಗೆ ಮುಟ್ಟಬೇಕು.

ಓಡದ ದಿನಗಳಲ್ಲಿ ಹೃದಯಕ್ಕೆ ಬೇರೆ ಕೆಲಸ ಕೊಡಬಹುದು. ಆಮ್ಲಜನಕ ಕೇಳುತ್ತಿರುವುದು ಕಾಲೋ ಕೈಯೋ ಎಂಬುದು ಹೃದಯಕ್ಕೆ ಮುಖ್ಯವಲ್ಲ. 1984ರಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಬೆನಾಯ್ಟ್ ಸೈಕಲ್ಲಿನ ಪೆಡಲುಗಳನ್ನು ಕೈಗಳಿಂದ ತಿರುಗಿಸುತ್ತ ಅಭ್ಯಾಸ ಮಾಡಿದರು. ಕಾಲಿಗೆ ವಿಶ್ರಾಂತಿ, ಹೃದಯಕ್ಕೆ ದುಡಿಮೆ! ಹದಿನೇಳು ದಿನಗಳ ಪವಾಡದ ಹಿಂದೆ ಇಂತಹ ಲೆಕ್ಕಾಚಾರವೂ ಇತ್ತು.

ಚಳಿಗಾಲದ ಕೆಲಸ

ನಿಧಾನದ ಗಡಿಯಾರಗಳಿಗೆ ಬೇಕಾದ ತಿಂಗಳುಗಳನ್ನು ಓಟಗಾರನು ಎಲ್ಲಿಂದ ತರಬೇಕು? ಸ್ಪರ್ಧೆಗಳಿಲ್ಲದ ಚಳಿಗಾಲವೇ ಅವನಿಗೆ ಆ ಅವಕಾಶವನ್ನು ಕೊಡುತ್ತದೆ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯರ್ಡ್ ತನ್ನ ಶಿಷ್ಯರಿಂದ ತಿಂಗಳುಗಟ್ಟಲೆ, ವಾರಕ್ಕೆ ಸುಮಾರು 160 ಕಿಲೋಮೀಟರುಗಳಷ್ಟು ದೂರವನ್ನು ಹದವಾದ ವೇಗದಲ್ಲಿ ಓಡಿಸುತ್ತಿದ್ದನು. ಗೋಪುರವನ್ನು ಎತ್ತರಕ್ಕೆ ಕಟ್ಟಬೇಕಾದರೆ ಬುನಾದಿ ಅಗಲವಾಗಿರಬೇಕೆಂಬುದು ಅವನ ತತ್ತ್ವ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆ ಶಿಷ್ಯರಲ್ಲಿ ಪೀಟರ್ ಸ್ನೆಲ್ 800 ಮೀಟರು ಓಟವನ್ನೂ, ಮರ್ರೆ ಹಾಲ್ಬರ್ಗ್ 5000 ಮೀಟರು ಓಟವನ್ನೂ ಗೆದ್ದರು. ಹಾಲ್ಬರ್ಗ್ ಕೂಡ ಗಾಯಾಳುವೇ. ಹದಿನೇಳನೆಯ ವಯಸ್ಸಿನಲ್ಲಿ ರಗ್ಬಿ ಆಟದಲ್ಲಿ ಪೆಟ್ಟು ತಿಂದು ಅವನ ಎಡಗೈ ಸ್ವಾಧೀನ ತಪ್ಪಿತ್ತು. ಬಾಸ್ಟನ್ ಮ್ಯಾರಥಾನ್ ಏಪ್ರಿಲಿನಲ್ಲಿ ನಡೆಯುವುದರಿಂದ, ಮೇನ್ ಸಂಸ್ಥಾನದಂತಹ ಸೀಮೆಯವರು ಅದರ ಸಿದ್ಧತೆಯನ್ನು ಹಿಮದ ನಡುವೆಯೇ ಮಾಡಬೇಕು.

ಹಿಮದಲ್ಲಿ ಓಡುವವರಿಗೆ ಭೌತವಿಜ್ಞಾನ ಹೇಳಬಹುದಾದ ಮಾತುಗಳು ಕೆಲವುಂಟು. ಗಂಟೆಗೆ 12 ಕಿಲೋಮೀಟರು ವೇಗದಲ್ಲಿ ಓಡುವ 50 ಕಿಲೋಗ್ರಾಂ ತೂಕದ ಶರೀರ ಸುಮಾರು 700 ವಾಟ್‌ಗಳಷ್ಟು ಶಕ್ತಿಯನ್ನು ವ್ಯಯಿಸುತ್ತದೆ. ಅದರಲ್ಲಿ ಬಹುಪಾಲು ಶಾಖವಾಗುತ್ತದೆ. 100 ವಾಟ್‌ನ ಏಳು ವಿದ್ಯುದ್ದೀಪಗಳನ್ನು ಎದೆಯೊಳಗೆ ಹೊತ್ತು ಓಡುವಂತೆ. ಆದುದರಿಂದ ಎದೆ ಹೊಟ್ಟೆಗಳು ಬೆಚ್ಚಗಿರುತ್ತವೆ. ಹಿಮ್ಮಡಿಯ ರಜ್ಜಿನ ಸ್ಥಿತಿ ಬೇರೆ. ಅದು ಚರ್ಮದ ಕೆಳಗೇ ಇದೆ. ಅದರ ಮೇಲೆ ಮಾಂಸವಾಗಲಿ ಕೊಬ್ಬಾಗಲಿ ಇಲ್ಲ. ತಣ್ಣಗಾದ ಸ್ನಾಯು ನಿಧಾನವಾಗಿ ಕುಗ್ಗಿ ನಿಧಾನವಾಗಿ ಹಿಗ್ಗುತ್ತದೆ. ಗಾಯದಿಂದ ಎದ್ದವನು ಮನೆಯೊಳಗೇ ಮೈ ಕಾಯಿಸಿಕೊಂಡು, ಹಿಮ್ಮಡಿಗಳನ್ನು ಉಣ್ಣೆಯ ಕಾಲುಚೀಲದಿಂದ ಮುಚ್ಚಿಕೊಂಡು ಹೊರಡುವುದು ಲೇಸು.

ಗಾಳಿಯ ವಿಷಯವನ್ನೂ ನೋಡೋಣ. ಗಾಳಿ ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಬೀಸುತ್ತಿದ್ದು, ಓಟಗಾರನು 12 ಕಿಲೋಮೀಟರು ವೇಗದಲ್ಲಿ ಅದಕ್ಕೆದುರಾಗಿ ಓಡಿದರೆ ಅವನಿಗೆ ತಗಲುವ ಗಾಳಿಯ ವೇಗ 27 ಕಿಲೋಮೀಟರು. ಅದರ ಜೊತೆಯಲ್ಲಿ ಓಡಿದರೆ ಕೇವಲ 3. ಆದುದರಿಂದ ಬಟ್ಟೆ ಒಣಗಿರುವ ಮೊದಲರ್ಧದಲ್ಲಿ ಗಾಳಿಗೆದುರಾಗಿ ಹೋಗಿ, ಬೆವರಿನಿಂದ ಬಟ್ಟೆ ನೆನೆದ ಉತ್ತರಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ಮರಳಬೇಕು. ಇದನ್ನು ತಲೆಕೆಳಗು ಮಾಡಿದವನು ಗಡಗಡ ನಡುಗುತ್ತ ಮನೆ ಸೇರುತ್ತಾನೆ.

ಇನ್ನು ಮಂಜುಗಡ್ಡೆ. ಒಣ ರಸ್ತೆಯ ಮೇಲೆ ರಬ್ಬರಿನ ಘರ್ಷಣೆ ಓಟಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚಾಗಿಯೇ ಇರುತ್ತದೆ. ಮಂಜುಗಡ್ಡೆಯ ಮೇಲೆ ಅದು ಬೇಕಾದುದಕ್ಕಿಂತ ಕಡಮೆಯಾಗಬಹುದು. ಪಾದವನ್ನು ಮುಂದಕ್ಕೆ ಚಾಚಿ ಊರಿದಷ್ಟೂ ನೆಲವನ್ನು ಅಡ್ಡಲಾಗಿ ತಳ್ಳುವ ಬಲ ಹೆಚ್ಚುತ್ತದೆ, ಕಾಲು ಜಾರುತ್ತದೆ. ಹೆಜ್ಜೆಯನ್ನು ಗಿಡ್ಡ ಮಾಡಿ, ಪಾದವನ್ನು ಶರೀರದ ನೇರ ಕೆಳಗೆ ಊರುವುದೇ ಇದಕ್ಕೆ ಉಪಾಯ. ಗಿಡ್ಡ ಹೆಜ್ಜೆಯಿಂದ ಕಾಲಿನ ಮೇಲೆ ಬೀಳುವ ಭಾರವೂ ಕಡಮೆಯಾಗುವುದರಿಂದ, ಚಳಿಗಾಲದ ರಸ್ತೆ ಗಾಯಾಳುವಿಗೆ ಒಳ್ಳೆಯ ನಡೆಯನ್ನು ಬಲವಂತವಾಗಿ ಕಲಿಸುತ್ತದೆ ಎನ್ನಬಹುದು.

ನಂಬಿಕೆಯ ಗಡಿಯಾರ

ನಾಲ್ಕನೆಯ ಗಡಿಯಾರವೊಂದು ಉಳಿಯಿತು. ಅದು ಮನಸ್ಸಿನದು. ಅಂಜಿಕೆಯಿಂದ ಓಡುವವನು ಗಾಯದ ಕಾಲನ್ನು ತಿಳಿಯದೆಯೇ ಕಾಪಾಡಿಕೊಳ್ಳುತ್ತಾನೆ. ಅದು ಬಿಟ್ಟ ಭಾರ ಇನ್ನೊಂದು ಕಾಲಿನ ಮೇಲೆ ಬೀಳುತ್ತದೆ. 1984ರಲ್ಲಿ ಬಲ ಮಂಡಿಯನ್ನು ಕಾಪಾಡಹೋಗಿ ಬೆನಾಯ್ಟ್ ಅವರ ಎಡತೊಡೆಯ ಹಿಂಭಾಗದ ಸ್ನಾಯು ಉಳುಕಿತು. ಆಯ್ಕೆಯ ಓಟಕ್ಕೆ ದಿನಗಳೇ ಉಳಿದಿದ್ದಾಗ ಹೀಗಾದುದು ಆಕೆಗೆ ಎಷ್ಟು ಕಳವಳವನ್ನು ಉಂಟುಮಾಡಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಅಂಜಿಕೆಗೆ ಕೇವಲ ಮನಸ್ಸಿನಲ್ಲಿ ನೆಲೆಯಿರುವುದಿಲ್ಲ. ಅದು ನಡೆಯನ್ನು ಬದಲಿಸುತ್ತದೆ, ನಡೆಯ ಮೂಲಕ ಬಲಗಳನ್ನು ಬದಲಿಸುತ್ತದೆ.

ಧೈರ್ಯ ಹೇಳುವುದರಿಂದ ಅಂಜಿಕೆ ಹೋಗುವುದೆ? ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಇದರ ಬಗ್ಗೆ ಮುಖ್ಯವಾದ ಲೇಖನವೊಂದನ್ನು ಪ್ರಕಟಿಸಿದರು. ಒಂದು ಕೆಲಸವನ್ನು ತಾನು ಮಾಡಬಲ್ಲೆನೆಂಬ ನಂಬಿಕೆಗೆ ಅವರು ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂತಹವರು ಮಾಡಿದುದನ್ನು ನೋಡಿದ ಅನುಭವ, ಇತರರ ಪ್ರೋತ್ಸಾಹದ ಮಾತು, ಮತ್ತು ತನ್ನ ಶರೀರದ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಬಲವಾದುದು ಮೊದಲನೆಯದೇ. ಎಂದರೆ, ನಂಬಿಕೆ ಬಂದ ಮೇಲೆ ಓಡುತ್ತೇನೆಂದು ಕಾಯುವವನು ಕಾಯುತ್ತಲೇ ಇರಬೇಕಾದೀತು. ಸಣ್ಣ ಓಟವೊಂದನ್ನು ಓಡಿ, ಮರುದಿನ ಕಾಲು ಸರಿಯಾಗಿಯೇ ಇದೆಯೆಂದು ಕಂಡುಕೊಳ್ಳುವುದರಿಂದ ನಂಬಿಕೆ ಹುಟ್ಟುತ್ತದೆ.

ಇದಕ್ಕೆ ಒಂದು ನೋಟುಪುಸ್ತಕ ಸಾಕು. ಎಷ್ಟು ಓಡಿದೆ, ನೋವು ಹತ್ತರಲ್ಲಿ ಎಷ್ಟಿತ್ತು, ಮರುದಿನ ಬೆಳಿಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಹೇಗಿತ್ತು. ಈ ಮೂರನ್ನು ಬರೆದಿಡಬೇಕು. ಓಡುವಾಗ ಸ್ವಲ್ಪ ನೋವಿದ್ದು ಬೆಳಗಾಗುವಷ್ಟರಲ್ಲಿ ಮೊದಲಿನಂತಾದರೆ ರಜ್ಜು ಆ ಭಾರವನ್ನು ಅರಗಿಸಿಕೊಂಡಿತೆಂದು ಅರ್ಥ. ಬೆಳಿಗ್ಗೆ ಬಿಗಿತವೋ ನೋವೋ ಹೆಚ್ಚಿದ್ದರೆ ಪ್ರಮಾಣ ಮೀರಿತೆಂದು ತಿಳಿದು ಒಂದು ಮೆಟ್ಟಿಲು ಇಳಿಯಬೇಕು. ಮೂಳೆಯ ಒಂದೇ ಬಿಂದುವಿನಲ್ಲಿ ಮುಟ್ಟಿದರೆ ನೋಯುತ್ತಿದ್ದರೆ, ರಾತ್ರಿಯೂ ನೋವಿದ್ದರೆ, ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಹೀಗೆ ನೂರು ದಿನ ಬರೆದ ಪುಸ್ತಕವನ್ನು ತಿರುವಿಹಾಕುವ ಓಟಗಾರನಿಗೆ ಧೈರ್ಯದ ಮಾತನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಮೊದಲಿನ ಪ್ರಶ್ನೆಗೆ ಈಗ ಮರಳೋಣ. ಛಲದಿಂದ ರಜ್ಜಿನ ಎಳೆಗಳು ಬೇಗ ಬೆಳೆಯುವುದಿಲ್ಲ, ಮೂಳೆಯ ಗುಂಡಿ ಬೇಗ ತುಂಬುವುದಿಲ್ಲ. ಆ ಗಡಿಯಾರಗಳ ಮುಳ್ಳನ್ನು ಯಾರೂ ಮುಂದಕ್ಕೆ ತಿರುಗಿಸಲಾರರು. ಆದರೆ ಒಂದು ನಿಮಿಷ ಓಡಿ ನಾಲ್ಕು ನಿಮಿಷ ನಡೆಯುವ ಬೇಸರದ ಕೆಲಸವನ್ನು ತಿಂಗಳುಗಟ್ಟಲೆ ಮಾಡಲು, ಉಸಿರು ಕೂಡಿಬಂದ ದಿನ ಇನ್ನಷ್ಟು ಓಡಬೇಕೆಂಬ ಆಸೆಯನ್ನು ಅದುಮಲು, ಕಾಲು ಓಡದಿರುವಾಗ ಕೈಯಿಂದ ಪೆಡಲು ತುಳಿಯಲು ಛಲ ಬೇಕೇ ಬೇಕು.

1984ರ ಆಗಸ್ಟ್ 5ರಂದು ಲಾಸ್ ಏಂಜಲೀಸಿನಲ್ಲಿ ಸ್ತ್ರೀಯರ ಮೊದಲ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಆ ದಿನಕ್ಕೆ ನೂರ ಎರಡು ದಿನ. ಸುಮಾರು ಐದು ಕಿಲೋಮೀಟರು ಕಳೆಯುವಷ್ಟರಲ್ಲಿ ಬೆನಾಯ್ಟ್ ಗುಂಪಿನಿಂದ ಬೇರೆಯಾಗಿ ಒಬ್ಬರೇ ಮುಂದೆ ಹೋದರು. ಉಳಿದವರು ಹಿಂಬಾಲಿಸಲಿಲ್ಲ, ಆಕೆ ಮತ್ತೆ ಹಿಂದೆ ಬೀಳಬಹುದೆಂದು ಅವರು ಎಣಿಸಿರಬೇಕು. ಆಕೆ ಹಿಂದೆ ಬೀಳಲಿಲ್ಲ. 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಎರಡನೆಯವರಾದ ಗ್ರೇಟ ವೈಟ್ಸ್ ಬಂದದ್ದು ಸುಮಾರು ಒಂದೂವರೆ ನಿಮಿಷದ ಅನಂತರ. ಎರಡೂವರೆ ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಗೊಳಗಾಗಿದ್ದ ಆ ಎರಡು ಹಿಮ್ಮಡಿಗಳ ರಜ್ಜುಗಳು ಅಂದೂ ಒಂದೊಂದು ಹೆಜ್ಜೆಗೆ ಮೂರು ಕ್ವಿಂಟಾಲಿಗೂ ಮಿಕ್ಕ ಎಳೆತವನ್ನು ತಾಳಿಕೊಂಡು ಓಟವನ್ನು ಮುಗಿಸಿದವು.